ತೊಟ್ಟಿ ಎಂಟು ಪಟ್ಟು, ಮೀನು ಎಷ್ಟು?

ಜುಲೈ ತಿಂಗಳಲ್ಲಿ ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತು ಕೆಳಗೆ ನೋಡಿದರೆ ಸ್ವರ್ಣಾ ನದಿ ಕಾಣುತ್ತದೆ. ಹೆಸರು ಸ್ವರ್ಣಾ. ಆದರೆ ಆ ದಿನಗಳಲ್ಲಿ ಅದರ ಬಣ್ಣ ಬಂಗಾರದ್ದಲ್ಲ, ಮಣ್ಣಿನದು. ಕಾರ್ಕಳ ತಾಲೂಕಿನ ಮಾಳದ ಕಡೆಯ ಘಟ್ಟದಲ್ಲಿ ಹುಟ್ಟಿ, ದಾರಿಯುದ್ದಕ್ಕೂ ಗುಡ್ಡ, ಗದ್ದೆ, ತೋಟಗಳ ಕೆಸರನ್ನು ಬಾಚಿಕೊಂಡು ಬರುವ ಈ ನೀರು ಸೀತಾ ನದಿಯೊಡನೆ ಕೂಡಿ ಕೋಡಿಬೆಂಗ್ರೆಯಲ್ಲಿ ಸಮುದ್ರ ಸೇರುತ್ತದೆ. ದಕ್ಷಿಣಕ್ಕೆ ಉದ್ಯಾವರದ ಹೊಳೆ, ಇನ್ನೂ ದಕ್ಷಿಣಕ್ಕೆ ಶಾಂಭವಿ. ಎಲ್ಲದರದ್ದೂ ಇದೇ ಕಥೆ. ವರ್ಷಕ್ಕೆ ಸುಮಾರು ನಾಲ್ಕು ಮೀಟರ್ ಮಳೆ ಸುರಿಯುವ ನಾಡಿದು. ಆ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡಕ್ಕೆ ಬಡಿಯುವ ಅಲೆಗಳು ಮಳೆಗಾಲದಲ್ಲಿ ನೀಲಿಯಾಗಿರುವುದಿಲ್ಲ, ಚಹಾದ ಬಣ್ಣಕ್ಕೆ ತಿರುಗಿರುತ್ತವೆ.

ಹವಳದ ಪಾಠ ಬಂದಾಗ ಕರಾವಳಿಯ ಶಾಲೆಗಳಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: ಸಮುದ್ರ ಇಲ್ಲೂ ಇದೆ, ಬಿಸಿಲೂ ಇದೆ, ಬಂಡೆಗಳೂ ಇವೆ, ಹವಳದ ದಿಬ್ಬ ಮಾತ್ರ ಯಾಕಿಲ್ಲ? ಉತ್ತರ ಎಂಡ್ ಪಾಯಿಂಟಿನಿಂದ ಕಾಣುವ ಆ ಕೆಂಪು ನೀರಿನಲ್ಲಿದೆ. ದಿಬ್ಬ ಕಟ್ಟುವ ಹವಳದ ಜೀವಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಬೇಕು, 32ಕ್ಕಿಂತ ಕೆಳಗಿಳಿದರೆ ಅದಕ್ಕೆ ಕಷ್ಟ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬೆಳಕಿನಲ್ಲಿ ಆಹಾರ ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುತ್ತವೆ. ಆದ್ದರಿಂದ ತಿಳಿನೀರು ಬೇಕು, ಬೆಳಕು ಬೇಕು, ಮೈಮೇಲೆ ಕೆಸರು ಕೂರಬಾರದು. ನಾಲ್ಕು ತಿಂಗಳು ಸಿಹಿನೀರು ಮತ್ತು ಮಣ್ಣು ಕಲಸಿಬಿಡುವ ತೀರದಲ್ಲಿ ಇವುಗಳಲ್ಲಿ ಒಂದೂ ನಿಲ್ಲುವುದಿಲ್ಲ. ಹೊಳೆಯ ಕೆಸರಿನಿಂದ ದೂರ ಹೋದಂತೆ ಚಿತ್ರ ಬದಲಾಗುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೊಮೀಟರ್ ಆಚೆ ಇರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಅವುಗಳ ನಡುವೆ ಬಣ್ಣದ ಮೀನುಗಳಿವೆ. ಇನ್ನೂ ಆಚೆ ಲಕ್ಷದ್ವೀಪವಂತೂ ಪೂರಾ ಹವಳದ್ದೇ ನೆಲ. ಅದರ ಅಮಿನಿದಿವಿ ಗುಂಪಿನ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿರಲಾರದು. ಉಡುಪಿ, ಕಾರ್ಕಳಗಳಂತೆ ಹವಳದ ದ್ವೀಪಗಳೂ ಒಂದು ಕಾಲಕ್ಕೆ ಒಂದೇ ಕಲೆಕ್ಟರರ ಲೆಕ್ಕದಲ್ಲಿದ್ದವು!

ಇಷ್ಟೆಲ್ಲ ಪೀಠಿಕೆ ಒಂದು ಗಾಜಿನ ತೊಟ್ಟಿಗಾಗಿ. ಕಾಪುವಿನ ಕಡಲು ವರ್ಷದಲ್ಲಿ ನಾಲ್ಕು ತಿಂಗಳು ಏನೇನು ಮಾಡುತ್ತದೋ ಅದನ್ನೆಲ್ಲ ಮಾಡದೆ ಇರುವ ನೀರನ್ನು ಮನೆಯೊಳಗೆ ನಿಲ್ಲಿಸಿಕೊಳ್ಳುವುದೇ ‘ರೀಫ್ ಅಕ್ವೇರಿಯಂ’. ಹೇಳುವುದು ಸುಲಭ.

ಉಡುಪಿಯ ಒಂದು ಮನೆ ಎಂದಿಟ್ಟುಕೊಳ್ಳೋಣ. ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ಸೇರಿದ ಹುಡುಗ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಉಪ್ಪುನೀರಿನ ತೊಟ್ಟಿಯನ್ನು ಎರಡು ವರ್ಷ ನಿಭಾಯಿಸಿದ್ದಾನೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಸಿಗಡಿ. ಅಂಕ ಚೆನ್ನಾಗಿ ಬಂದಿದೆ, ತಂದೆ ಮಾತು ಕೊಟ್ಟಿದ್ದಾರೆ. ಈಗ ನಾಲ್ಕು ಅಡಿಯ ತೊಟ್ಟಿ ಬೇಕು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. “ಎಲ್ಲ ಎರಡು ಪಟ್ಟು ಅಷ್ಟೇ ಅಪ್ಪ” ಎನ್ನುತ್ತಾನೆ ಹುಡುಗ. ಕಾಗದದಲ್ಲಿ ಬರೆದ ಮೀನುಗಳ ಪಟ್ಟಿಯೂ ಸಿದ್ಧವಿದೆ, ಅದರಲ್ಲಿ ಹದಿನಾರು ಹೆಸರು.

ಎಲ್ಲ ಎರಡು ಪಟ್ಟಲ್ಲ. ಸಣ್ಣ ತೊಟ್ಟಿ 2 ಘನ ಅಡಿ, ಅಂದರೆ ಸುಮಾರು 57 ಲೀಟರ್. ದೊಡ್ಡದು 16 ಘನ ಅಡಿ, ಸುಮಾರು 453 ಲೀಟರ್. ಪ್ರತಿ ಬದಿಯೂ ಇಮ್ಮಡಿಯಾದರೆ ಗಾತ್ರ ಎಂಟು ಪಟ್ಟಾಗುತ್ತದೆ ಎಂದು ಎಂಟನೆಯ ತರಗತಿಯ ಗಣಿತದಲ್ಲೇ ಇದೆ. ಆದರೆ ಆ ಲೆಕ್ಕ ಮನೆಯ ನೆಲದ ಮೇಲೆ ಕೂತಾಗ ಅದರ ಅರ್ಥ ಬೇರೆ. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕಿಲೊ ತೂಗುವುದರಿಂದ ನೀರೇ 460 ಕಿಲೊ ದಾಟಿತು. 12 ಮಿಲಿಮೀಟರ್ ದಪ್ಪದ ಗಾಜು ಎಂದರೆ ಇನ್ನೊಂದು 90 ಕಿಲೊ. ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್, ಅದರೊಳಗಿನ ಕೆಳತೊಟ್ಟಿ ಎಲ್ಲ ಸೇರಿದರೆ ಸುಮಾರು 700 ಕಿಲೊ. ಹತ್ತು ಹನ್ನೊಂದು ಮಂದಿ ದೊಡ್ಡವರು ಒಂದು ಬೆಂಚಿನಷ್ಟು ಜಾಗದಲ್ಲಿ ಒತ್ತಿಕೊಂಡು ನಿಂತಂತೆ, ಮತ್ತು ವರ್ಷಗಟ್ಟಲೆ ಕದಲದೆ ನಿಂತಂತೆ. ವಾಸದ ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೊ ಭಾರಕ್ಕೆ ಲೆಕ್ಕ ಹಿಡಿಯುವುದು ಎಂಜಿನಿಯರುಗಳ ರೂಢಿ. ಈ ತೊಟ್ಟಿಯ ಅಡಿಯಲ್ಲಿ ಅದು 900 ದಾಟುತ್ತದೆ. ಹಳೆಯ ಮನೆಯ ಮರದ ಉಪ್ಪರಿಗೆಯಂತೂ ಬೇಡವೇ ಬೇಡ. ಮಣಿಪಾಲದ ಫ್ಲ್ಯಾಟಿನಲ್ಲಾದರೆ ತೊಲೆ ಎಲ್ಲಿ ಹಾದಿದೆ ಎಂದು ಕಟ್ಟಡದ ಎಂಜಿನಿಯರರನ್ನು ಕೇಳದೆ ಇಡಬಾರದು. ನೆಲಮಹಡಿಯ ಗಟ್ಟಿ ನೆಲ, ಗೋಡೆಯ ಬದಿ ಉತ್ತಮ. ಎದುರಿನ ಗಾಜಿನ ಮೇಲೆ ನೀರಿನ ತಳ್ಳುವಿಕೆಯೂ ಎಂಟು ಪಟ್ಟಾಗುತ್ತದೆ. ಸಣ್ಣ ತೊಟ್ಟಿಯಲ್ಲಿ ಅದು ಸುಮಾರು 29 ಕಿಲೊ ಭಾರದಷ್ಟಿದ್ದರೆ ದೊಡ್ಡದರಲ್ಲಿ 230. ಅಂಗಡಿಯವರು ಗಾಜಿನ ದಪ್ಪ ಕಡಿಮೆ ಮಾಡಿ ರಿಯಾಯಿತಿ ಕೊಡುತ್ತೇವೆಂದರೆ ತಂದೆಯಂದಿರು ಮರುಳಾಗಬಾರದು.

ಇನ್ನು ಎಂಟು ಪಟ್ಟಾಗದ ಸಂಗತಿ ಒಂದಿದೆ, ಮುಖ್ಯವಾದದ್ದು ಅದೇ. ನೀರಿನ ಮೇಲ್ಮೈ. ಸಣ್ಣದರಲ್ಲಿ 2 ಚದರ ಅಡಿ, ದೊಡ್ಡದರಲ್ಲಿ 8. ನಾಲ್ಕೇ ಪಟ್ಟು. ನೀರು ಉಸಿರಾಡುವುದು ಈ ಮೇಲ್ಮೈಯ ಮೂಲಕ. ಆಮ್ಲಜನಕ ಒಳಬರುವುದೂ ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಇಲ್ಲಿಂದಲೇ. ಬಿಸಿಯೂ ಬಹುಪಾಲು ಹೊರಮೈಯ ಮೂಲಕವೇ ಒಳಹೊರಗೆ ಓಡಾಡುತ್ತದೆ. ಎಂಟು ಪಟ್ಟು ನೀರಿಗೆ ನಾಲ್ಕು ಪಟ್ಟು ಹೊರಮೈ ಎಂದರೆ ದೊಡ್ಡ ತೊಟ್ಟಿ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ, ಒಂದು ಮೀನು ಸತ್ತು ಕೊಳೆತರೂ ಅದರ ವಿಷ ಎಂಟು ಪಟ್ಟು ನೀರಿನಲ್ಲಿ ತೆಳುವಾಗುತ್ತದೆ. ದೊಡ್ಡ ತೊಟ್ಟಿ ಸಾಕುವುದು ಸಣ್ಣದಕ್ಕಿಂತ ಸುಲಭ ಎಂದು ಬಲ್ಲವರು ಹೇಳುವುದು ಇದಕ್ಕೇ. ಆದರೆ ಆ ಮಾತಿಗೆ ಒಂದು ಷರತ್ತಿದೆ. ಎರಡು ಮೀನಿದ್ದಲ್ಲಿ ಈಗ ಹದಿನಾರು ಎಂದು ಹುಡುಗ ಎಂಟರಿಂದ ಗುಣಿಸಿದ್ದಾನಲ್ಲ, ಅಲ್ಲಿ ಲಾಭವೆಲ್ಲ ಕರಗಿಹೋಯಿತು. ಪ್ರತಿ ಮೀನಿಗೆ ಸಿಗುವ ನೀರು ಮೊದಲಿನಷ್ಟೇ, ಉಸಿರಾಡುವ ಮೇಲ್ಮೈ ಮಾತ್ರ ಅರ್ಧ! ಹಳೆಯ ತೊಟ್ಟಿಗಿಂತ ಕೆಟ್ಟ ಸ್ಥಿತಿ ಇದು. ಸಾಲದ್ದಕ್ಕೆ 26 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಹಿಡಿಯುವುದು 6.7 ಮಿಲಿಗ್ರಾಮಿನಷ್ಟು.

ಪಂಪು ಓಡುತ್ತಿರುವ ತನಕ ಇದು ಯಾರ ಗಮನಕ್ಕೂ ಬರುವುದಿಲ್ಲ. ಗಂಟೆಗೆ ತೊಟ್ಟಿಯ ನೀರಿನ ಹತ್ತಿಪ್ಪತ್ತು ಪಟ್ಟನ್ನು ಕಲಕುವ ಪಂಪುಗಳು ತಳದ ನೀರನ್ನು ಮೇಲಕ್ಕೆ ತಂದು ಗಾಳಿಗೆ ಒಡ್ಡುತ್ತಿರುತ್ತವೆ. ಜೂನ್ ತಿಂಗಳ ಒಂದು ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಹೀಗೆ ಹೋದದ್ದು ಬೆಳಗಾದರೂ ಬಾರದಿರುವುದು ಈ ಕಡೆಯವರಿಗೆ ಹೊಸತೇನಲ್ಲ. ಕತ್ತಲಲ್ಲಿ ಪಾಚಿಗಳೂ ಆಮ್ಲಜನಕ ಕೊಡುವುದನ್ನು ನಿಲ್ಲಿಸಿ ತಾವೇ ಉಸಿರಾಡತೊಡಗುತ್ತವೆ. ಹದಿನಾರು ಮೀನಿನ ತೊಟ್ಟಿಗೆ ಆ ರಾತ್ರಿ ಬಹಳ ಉದ್ದ. ಆದ್ದರಿಂದ ಹೊಸ ತೊಟ್ಟಿಗೆ ಕೊಳ್ಳಬೇಕಾದ ಮೊದಲ ಸಲಕರಣೆ ಚಂದದ ದೀಪವಲ್ಲ, ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪು. 12 ವೋಲ್ಟಿನ 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಗಂಟೆ. 5 ವ್ಯಾಟಿನ ಪಂಪನ್ನು ಅದು, ಸೋರಿಕೆಗಳನ್ನೆಲ್ಲ ಕಳೆದರೂ, ರಾತ್ರಿಯಿಡೀ ಓಡಿಸಬಲ್ಲದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಕಲಕುವ ಪಂಪೊಂದನ್ನು ಅದಕ್ಕೆ ಜೋಡಿಸಿದರಾಯಿತು. ದೀಪ, ಚಿಲ್ಲರ್‌ಗಳನ್ನು ಜೋಡಿಸಬಾರದು, ಇನ್ವರ್ಟರ್ ಬೇಗ ಬರಿದಾದೀತು.

ಕರೆಂಟ್ ಹೋದಾಗ ಇನ್ನೊಂದು ತಮಾಷೆ ನಡೆಯುತ್ತದೆ. ಮನೆಯ ಹೆಂಗಸರಿಗೆ ಅದು ತಮಾಷೆಯಾಗಿ ಕಾಣುವುದಿಲ್ಲ. ದೊಡ್ಡ ತೊಟ್ಟಿಗಳಲ್ಲಿ ಮೇಲಿನಿಂದ ಉಕ್ಕಿದ ನೀರು ಕೊಳವೆಯಲ್ಲಿ ಕೆಳತೊಟ್ಟಿಗೆ ಇಳಿದು, ಅಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಪಂಪು ನಿಂತರೆ ಏರುವುದು ನಿಲ್ಲುತ್ತದೆ, ಇಳಿಯುವುದು ನಿಲ್ಲುವುದಿಲ್ಲ. ಎಂಟು ಚದರ ಅಡಿಯ ಮೇಲ್ಮೈ ಒಂದು ಅಂಗುಲ ಇಳಿದರೆ ಸುಮಾರು 19 ಲೀಟರ್ ನೀರು ಕೆಳಗೆ ಬಂತೆಂದು ಲೆಕ್ಕ. ಎರಡು ಅಂಗುಲವಾದರೆ ಎರಡು ಬಕೆಟ್. ಕೆಳತೊಟ್ಟಿಯಲ್ಲಿ ಅಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ಮೇಲೇರುವ ಕೊಳವೆಯ ಬಾಯಿ ನೀರೊಳಗೆ ಆಳದಲ್ಲಿದ್ದರೆ ಅದೇ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುವುದರಿಂದ, ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಕೊಳವೆಗೆ ಒಂದು ಸಣ್ಣ ತೂತು ಕೊರೆಯುತ್ತಾರೆ. ಮಟ್ಟ ಆ ತೂತಿಗಿಳಿದಾಗ ಗಾಳಿ ಒಳನುಗ್ಗಿ ಸೈಫನ್ ಕಡಿಯುತ್ತದೆ. ತೊಟ್ಟಿ ತುಂಬಿಸಿದ ದಿನವೇ, ಮೀನು ಬಿಡುವ ಮೊದಲು, ಸ್ವಿಚ್ ಆರಿಸಿ ನೋಡಬೇಕು. ಮಧ್ಯರಾತ್ರಿ ನೋಡುವುದಕ್ಕಿಂತ ಹಗಲಲ್ಲಿ ನೋಡುವುದು ವಾಸಿ.

ಈಗ ನೀರಿನ ವಿಷಯ. 16 ಕಿಲೊ ಸಮುದ್ರದ ಉಪ್ಪಿನ ಪುಡಿ ಎಂದು ಪಟ್ಟಿಯಲ್ಲಿ ಕಂಡಾಗ ಅಜ್ಜಿ ಸುಮ್ಮನಿರುತ್ತಾರೆಯೇ? “ಎಂತ ಮಗಾ, ಕಾಪು ಕಡಲು ಅಷ್ಟು ಹತ್ತಿರ ಇರುವಾಗ ಉಪ್ಪಿಗೆ ದುಡ್ಡು ಕೊಡುವುದುಂಟಾ?” ಕೇಳಬೇಕಾದ ಪ್ರಶ್ನೆಯೇ. ಡಿಸೆಂಬರಿನಿಂದ ಮೇ ವರೆಗೆ ಕಾಪುವಿನ ತಿಳಿನೀರನ್ನು ತಂದು, ಮುಚ್ಚಿ ಕತ್ತಲಲ್ಲಿ ಕೆಲವು ವಾರ ಇಟ್ಟು, ತಳದ ಗಸಿ ಬಿಟ್ಟು ಮೇಲಿನದನ್ನು ಸೋಸಿ ಬಳಸಬಹುದು. ಸಣ್ಣ ತೊಟ್ಟಿಗೆ ಇದು ಒಳ್ಳೆಯ ದಾರಿಯೇ. ಆದರೆ 453 ಲೀಟರ್ ಎಂದರೆ 20 ಲೀಟರಿನ ಇಪ್ಪತ್ತಮೂರು ಕ್ಯಾನು. ಹದಿನೈದು ದಿನಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಬೇಕಾದ್ದರಿಂದ ಮತ್ತೆ ಮತ್ತೆ ಎರಡು ಮೂರು ಕ್ಯಾನು. ಜೂನ್ ಬಂತೆಂದರೆ ಆ ದಾರಿಯೂ ಮುಚ್ಚಿತು: ನೀರಿನಲ್ಲಿ ಉಪ್ಪು ಕಡಿಮೆ, ಮಣ್ಣು ಹೆಚ್ಚು, ಕಡಲಿಗಿಳಿಯುವುದೂ ಅಪಾಯ. ಅಡುಗೆಯ ಉಪ್ಪು ಕಲಸಿದರೂ ಆಗದು. ಸಮುದ್ರದ ನೀರಿನ ಲೀಟರಿಗೆ 35 ಗ್ರಾಮಿನಲ್ಲಿ ಸೋಡಿಯಂ ಕ್ಲೋರೈಡ್ ಸುಮಾರು 27 ಗ್ರಾಂ ಮಾತ್ರ, ಉಳಿದದ್ದರಲ್ಲಿ ಮೆಗ್ನೀಶಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳಿವೆ. ಉಪ್ಪಿನ ಪುಡಿ ಕೊಂಡು ಕಲಸುವುದೇ ದೊಡ್ಡ ತೊಟ್ಟಿಗೆ ಸರಿ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಮಾಡಿದರೆ ದಟ್ಟ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಗಸಿಯಾಗಿ ಕೆಳಗೆ ಕೂರುತ್ತದೆ. ಕಲಸುವ ನೀರು ಯಾವುದು? ಮುರಕಲ್ಲಿನ ಬಾವಿಯ ನೀರು ಕುಡಿಯಲು ರುಚಿ, ಆದರೆ ಸ್ವಲ್ಪ ಹುಳಿಗುಣ, ಕೆಲವು ಕಡೆ ಕಬ್ಬಿಣದಂಶ. ನಲ್ಲಿಯ ನೀರಿನಲ್ಲಿ ಕ್ಲೋರಿನ್. ಆರ್.ಓ. ಯಂತ್ರದ ನೀರು ಈ ಎರಡಕ್ಕಿಂತಲೂ ಒಳ್ಳೆಯದು.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಹಾಕುತ್ತಾ ಹೋದರೆ ತೊಟ್ಟಿ ನಿಧಾನವಾಗಿ ಉಪ್ಪಿನ ಗದ್ದೆಯಾಗುತ್ತದೆ. ಚಾವಣಿಯ ಟಾಂಕಿಯಲ್ಲಿರುವಂಥ ತೇಲುಚೆಂಡಿನ ವಾಲ್ವಿನ ಸಣ್ಣ ರೂಪ ಕೆಳತೊಟ್ಟಿಗೆ ಸಾಕು.

ಎಪ್ರಿಲ್-ಮೇ ತಿಂಗಳ ಸೆಕೆ ಇನ್ನೊಂದು ಪರೀಕ್ಷೆ. ಹವಳದ ಜೀವಿಗಳು ತಮ್ಮ ಊರಿನ ಸಾಮಾನ್ಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಲ್ಲಿ ಕೆಲವು ವಾರ ಕಳೆದರೂ ಮೈಯೊಳಗಿನ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗುತ್ತವೆ. 1998ರಲ್ಲಿ ಲಕ್ಷದ್ವೀಪದಲ್ಲಿ ದೊಡ್ಡ ಪ್ರಮಾಣದಲ್ಲಿ ಆದದ್ದು ಇದೇ. ತೊಟ್ಟಿಗೆ 25ರಿಂದ 27 ಡಿಗ್ರಿ ಹಿತ. ಮನೆಯೊಳಗೆ 32 ಇರುವಾಗ ಪಂಪು, ದೀಪಗಳ ಬಿಸಿಯೂ ಸೇರಿಕೊಳ್ಳುತ್ತದೆ. ನೀರಿನ ಮೇಲೆ ಫ್ಯಾನ್ ಬೀಸಿದರೆ ಮಣ್ಣಿನ ಹೂಜಿಯ ತತ್ವದಂತೆ ಆವಿಯಾಗುವ ನೀರು ಬಿಸಿಯನ್ನು ಒಯ್ಯುತ್ತದೆ. ಲೆಕ್ಕ ಸೊಗಸಾಗಿದೆ: ಮುಕ್ಕಾಲು ಲೀಟರ್ ನೀರು ಆವಿಯಾದರೆ ಸಾಕು, ಉಳಿದ 450 ಲೀಟರ್ ಸುಮಾರು ಒಂದು ಡಿಗ್ರಿ ತಣ್ಣಗಾಗುವಷ್ಟು ಬಿಸಿ ಅದರೊಡನೆ ಹೋಗುತ್ತದೆ. ಬಳ್ಳಾರಿಯ ಒಣಹವೆಯಲ್ಲಿ ಇದು ಚೆನ್ನಾಗಿ ನಡೆದೀತು. ಬಟ್ಟೆಯೇ ಒಣಗದ ಉಡುಪಿಯ ಹವೆಯಲ್ಲಿ ಅಷ್ಟೊಂದು ನಡೆಯದು. ಫ್ಯಾನಿನಿಂದ ಒಂದೆರಡು ಡಿಗ್ರಿ ಇಳಿಯಬಹುದು, ಅದರಾಚೆ ಚಿಲ್ಲರ್ ಬೇಕು. ಎಲ್ಲ ಸೇರಿ ಸರಾಸರಿ 300 ವ್ಯಾಟ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 216 ಯೂನಿಟ್. ಇದನ್ನು ತೊಟ್ಟಿಯ ಬೆಲೆ ವಿಚಾರಿಸುವಾಗಲೇ ಲೆಕ್ಕ ಹಾಕಬೇಕು, ಮೊದಲ ಬಿಲ್ ಬಂದ ಮೇಲಲ್ಲ.

ತೊಟ್ಟಿಯೊಳಗಿನ ಕಲ್ಲು ಬರಿಯ ಅಲಂಕಾರವಲ್ಲ. ಜಕಾರ್ತದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ತಮ್ಮ ತೊಟ್ಟಿಗಳ ಬಗ್ಗೆ ಬರೆದು, ಸಮುದ್ರದ ಸಜೀವ ಕಲ್ಲುಗಳಿದ್ದರೆ ನೀರು ತಾನೇ ತಿಳಿಯಾಗಿರುತ್ತದೆಂದು ತೋರಿಸಿದರು. ಕಲ್ಲಿನ ಸಂದುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಮೀನಿನ ಹೇಸಿಗೆಯ ಅಮೋನಿಯವನ್ನು ನೈಟ್ರೈಟ್, ನೈಟ್ರೇಟ್‌ಗಳಾಗಿ ಬದಲಿಸುತ್ತವೆ. ಒಳಗಿನ ಗಾಳಿಯಿಲ್ಲದ ಪೊಟರೆಗಳಲ್ಲಿ ಇನ್ನು ಕೆಲವು ಬ್ಯಾಕ್ಟೀರಿಯಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಟ್ಟುಕೊಡುತ್ತವೆ. ಹಾಗಾದರೆ ಕಲ್ಲಿಗೆ ರಂಧ್ರಗಳಿರಬೇಕು. ಕಾರ್ಕಳದ ಕಲ್ಲು ಗೋಮಟನಿಗೆ ಸರಿ. 1432ರಿಂದ ಬಿಸಿಲು ಮಳೆಗೆ ನಿಂತ ಆ ಗಟ್ಟಿತನವೇ ತೊಟ್ಟಿಯಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಬ್ಯಾಕ್ಟೀರಿಯಗಳಿಗೆ ಒಳಹೋಗಲು ದಾರಿಯೇ ಇಲ್ಲ. ಮುರಕಲ್ಲಿನಲ್ಲಿ ರಂಧ್ರಗಳೇನೋ ಬೇಕಾದಷ್ಟಿವೆ, ಆದರೆ ಅದರ ಕೆಂಪು ಕಬ್ಬಿಣದ್ದು. ಅದು ನೀರಿಗೆ ಬಿಟ್ಟುಕೊಂಡರೆ ಬೇಡದ ಪಾಚಿಗೆ ಗೊಬ್ಬರ. ಉಳಿದದ್ದು ಹವಳದ ಕಲ್ಲು. ಅದಕ್ಕೆ ಕೈಹಾಕುವಂತಿಲ್ಲ. ದಿಬ್ಬ ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆಗಳು, ಜೊತೆಗೆ ಕಡಲ್ಗುದುರೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿವೆ. ನೇತ್ರಾಣಿಯಿಂದ ಒಂದು ತುಂಡು ತಂದರೂ ಅದು ಅಪರಾಧ. ವಿದೇಶದ ಹವಳ ಎಂದು ಮಾರುವವರ ಮಾತನ್ನೂ ನಂಬಿಕೊಂಡು ಕೂರಬಾರದು, 2022ರ ತಿದ್ದುಪಡಿಯ ಬಳಿಕ ಅಂಥ ಜೀವಿಗಳಿಗೂ ನೋಂದಣಿ ಬೇಕು. ಕೊಳ್ಳುವ ಮುಂಚೆ ಮೂಲದ ದಾಖಲೆ ಕೇಳಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಹಿರಿಯರ ಕೆಲಸ.

ಕಲ್ಲನ್ನು ಮನೆಯಲ್ಲೇ ಮಾಡಬಹುದು, ರಜೆಯಲ್ಲಿ ಮಕ್ಕಳಿಗೆ ಒಳ್ಳೆಯ ಕೆಲಸ. ಸಿಮೆಂಟಿಗೆ ತೊಳೆದ ಮರುವಾಯಿ, ಪಚ್ಚಿಲೆ ಚಿಪ್ಪುಗಳ ಪುಡಿ ಮತ್ತು ಕಲ್ಲುಪ್ಪು ಬೆರೆಸಿ, ಒದ್ದೆ ಮರಳಿನ ಗುಂಡಿಗಳಲ್ಲಿ ಎರಕ ಹೊಯ್ಯುವುದು. ಗಟ್ಟಿಯಾದ ಮೇಲೆ ನೀರಲ್ಲಿ ಮುಳುಗಿಸಿದರೆ ಉಪ್ಪು ಕರಗಿ ರಂಧ್ರಗಳು ಉಳಿಯುತ್ತವೆ. ಸಿಮೆಂಟಿನ ಕ್ಷಾರ ಹೋಗಲು ನೀರು ಬದಲಿಸುತ್ತಾ ಆರೆಂಟು ವಾರವಾದರೂ ಬೇಕು, ಪಿ.ಎಚ್. ಕಾಗದ ಸಾಕೆನ್ನುವವರೆಗೆ ಕಾಯಬೇಕು. ಈ ಹೊಸ ಕಲ್ಲುಗಳ ಪಕ್ಕದಲ್ಲಿ ಹಳೆಯ ತೊಟ್ಟಿಯ ಕಲ್ಲೊಂದನ್ನು ಇಟ್ಟರೆ ಮೊಸರಿಗೆ ಹೆಪ್ಪು ಹಾಕಿದಂತೆ.

ಕಾಪುವಿನ ಬಂಡೆಗಳ ನಡುವಿನ ಹೊಂಡಗಳ ಮಾತೂ ಇಲ್ಲಿ ಬರಬೇಕು. ಇಳಿತದ ವೇಳೆ ಅಲ್ಲಿ ಕಡಲ ಹೂ, ಏಡಿ, ಸಣ್ಣ ಮೀನುಗಳು ಕಾಣುತ್ತವೆ. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದಾಗ ಮನೆಮನೆಯಲ್ಲೂ ಕಡಲ ತೊಟ್ಟಿಯ ಹುಚ್ಚು ಹತ್ತಿತು. ತಂದೆ ಮೆಚ್ಚಿ ವರ್ಣಿಸಿದ ಅದೇ ತೀರದ ಹೊಂಡಗಳನ್ನು ಸಂಗ್ರಾಹಕರು ಬರಿದು ಮಾಡಿದರೆಂದು ಮುಂದೆ ಮಗ ಎಡ್ಮಂಡ್ ಗಾಸ್ ನೊಂದು ಬರೆದ. ಹೊಂಡ ನೋಡಲು ಭೂತಗನ್ನಡಿ ಒಯ್ದರೆ ಸಾಕು, ಬಾಟಲಿ ಬೇಡ. ಕ್ಲೌನ್ ಮೀನುಗಳಾದರೋ ಹುಟ್ಟಿನಿಂದಲೇ ತೊಟ್ಟಿಯವು ಸಿಗುತ್ತವೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅವುಗಳನ್ನು ಮರಿಮಾಡಿಸುವ ವಿಧಾನವನ್ನು ರೂಢಿಸಿದೆ. ಅವು ತೊಟ್ಟಿಯ ಆಹಾರಕ್ಕೆ ಒಗ್ಗಿರುವುದರಿಂದ ಬದುಕುವುದೂ ಹೆಚ್ಚು.

ಮಳೆಗಾಲದಲ್ಲಿ ಮರಳಿನ ಮೇಲೆ ಹಳದಿ ನೊರೆ ಗುಡ್ಡೆಯಾಗುವುದನ್ನು ಕಡಲತಡಿಯ ಮಕ್ಕಳೆಲ್ಲ ನೋಡಿದ್ದಾರೆ. ನೀರಿನಲ್ಲಿ ಕರಗಿದ ಸಾವಯವ ವಸ್ತುಗಳು ಗುಳ್ಳೆಗಳ ಮೈಗೆ ಅಂಟಿ ಮೇಲೆ ಬಂದದ್ದು ಅದು. ‘ಪ್ರೋಟೀನ್ ಸ್ಕಿಮ್ಮರ್’ ಎಂಬ ದುಬಾರಿ ಸಲಕರಣೆ ಮಾಡುವುದೂ ಇಷ್ಟೇ. ಒಂದು ನಳಿಗೆಯಲ್ಲಿ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ನೊರೆಯನ್ನು ಮೇಲಿನ ಬಟ್ಟಲಿಗೆ ತಳ್ಳಿ, ಕೊಳೆಯುವ ಮೊದಲೇ ಹೊರಗೆಸೆಯುವುದು. ಉಪ್ಪುನೀರಿನಲ್ಲಿ ಗುಳ್ಳೆಗಳು ಸಿಹಿನೀರಿಗಿಂತ ಸಣ್ಣದಾಗಿ ಉಳಿಯುವುದರಿಂದಲೇ ಇದು ಸಾಧ್ಯ. ಗುಳ್ಳೆ ಜಾಸ್ತಿಯಾದಷ್ಟೂ ನೀರಿಗೆ ಗಾಳಿ ಬೆರೆಯುವುದು ಇನ್ನೊಂದು ಲಾಭ. ಹಣ ಮಿತಿಯಲ್ಲಿದ್ದರೆ ದೀಪಕ್ಕಿಂತ ಇದಕ್ಕೆ ಹೆಚ್ಚು ಖರ್ಚು ಮಾಡಬೇಕು. ದೀಪ ಎಲ್.ಇ.ಡಿ. ಆಗಿರಲಿ, ಬಿಳಿ ಮತ್ತು ನೀಲಿ ಎರಡೂ ಇರಲಿ, ದಿನಕ್ಕೆ ಎಂಟು ಹತ್ತು ಗಂಟೆ ಸಾಕು.

ಕ್ಯಾಲ್ಸಿಯಂ ಬಳಸುವ ಜೀವಿಗಳಿರುವ ತೊಟ್ಟಿಗೆ ಹೊರದೇಶದವರು ಹನಿಹನಿಯಾಗಿ ಬಿಡುವ ‘ಕಾಲ್ಕ್‌ವಾಸರ್’ ಎಂಬ ದ್ರಾವಣದ ಹೆಸರು ಕೇಳಿ ಹುಡುಗರು ಬೆರಗಾಗುತ್ತಾರೆ. ಜರ್ಮನ್ ಭಾಷೆಯ ಆ ಪದಕ್ಕೆ ಸುಣ್ಣದ ನೀರು ಎಂದರ್ಥ! ಪ್ರಯೋಗಶಾಲೆಯಲ್ಲಿ ಉಸಿರು ಊದಿದಾಗ ಹಾಲಾಗುತ್ತದಲ್ಲ, ಅದೇ ತಿಳಿಸುಣ್ಣದ ನೀರು. ಊದಿದಾಗ ಬೀಳುವ ಬಿಳಿ ಪುಡಿಯೂ ಹವಳದ ಗೂಡೂ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹಾಗೆಂದು ಅಜ್ಜಿಯ ವೀಳ್ಯದ ಡಬ್ಬಿಗೆ ಕೈಹಾಕಬಾರದು. ಶುದ್ಧ ರಾಸಾಯನಿಕವೇ ಬೇಕು. ಪಿ.ಎಚ್. 12 ದಾಟುವ ಈ ದ್ರಾವಣ ಕಣ್ಣಿಗೆ ಬಿದ್ದರೆ ಅಪಾಯ, ತೊಟ್ಟಿಗೆ ಒಮ್ಮೆಲೇ ಸುರಿದರೂ ಅಪಾಯ.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. ಪ್ರತಿ ತಂತಿಯೂ ಪ್ಲಗ್ಗಿಗೆ ಏರುವ ಮುನ್ನ ಕೆಳಕ್ಕೆ ಒಂದು ಬಾಗು ತೆಗೆದುಕೊಳ್ಳಬೇಕು, ಹನಿ ಅಲ್ಲೇ ತೊಟ್ಟಿಕ್ಕಿ ಹೋಗಲಿ. ಆ ಸಾಲಿಗೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಆರ್.ಸಿ.ಸಿ.ಬಿ. ಇಲ್ಲದೆ ಮಕ್ಕಳು ಉಪ್ಪುನೀರಿಗೆ ಕೈಹಾಕಕೂಡದು.

ಇನ್ನು ಸ್ಥಳಾಂತರದ ಮುಹೂರ್ತ. ಎಪ್ರಿಲ್-ಮೇ ಸೆಕೆ, ಜೂನ್-ಜುಲೈ ಕರೆಂಟಿನ ಕಾಟ, ಮಾರ್ಚ್ ಪರೀಕ್ಷೆ. ದಸರಾ ರಜೆಯಲ್ಲಿ ತೊಟ್ಟಿ ನಿಲ್ಲಿಸಿ ನೀರು ತುಂಬಿ, ಕಲ್ಲಿಟ್ಟು, ಪಂಪು ಓಡಿಸಿ, ಡಿಸೆಂಬರಿನಲ್ಲಿ ಮೀನು ಬಿಡುವುದು ಈ ಜಿಲ್ಲೆಗೆ ಹೇಳಿ ಮಾಡಿಸಿದ ಪಂಚಾಂಗ. ನಡುವಿನ ವಾರಗಳಲ್ಲಿ ಹುಡುಗನಿಗೆ ಕೆಲಸವಿದೆ. ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟು, ಎರಡು ದಿನಕ್ಕೊಮ್ಮೆ ಅಮೋನಿಯ, ನೈಟ್ರೈಟ್ ಅಳೆದು ನಕ್ಷೆ ಬರೆಯಬೇಕು. ಮೊದಲು ಅಮೋನಿಯದ ಗುಡ್ಡ ಏರಿ ಇಳಿಯುತ್ತದೆ, ಅದರ ಬೆನ್ನಿಗೆ ನೈಟ್ರೈಟಿನ ಗುಡ್ಡ. ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುವುದುಂಟು. ಸಿಹಿನೀರಿನ ತೊಟ್ಟಿ ಸಾಕಿದವರು ಇಲ್ಲಿ ಅವಸರಪಟ್ಟು ಮೋಸ ಹೋಗುತ್ತಾರೆ. ಪಿ.ಎಚ್. 7ರ ನೀರಿನಲ್ಲಿ ಅಮೋನಿಯದ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ. ಸಮುದ್ರದ 8.2ರಲ್ಲಿ ವಿಷರೂಪದ ಪಾಲು ಹತ್ತು ಪಟ್ಟಿಗಿಂತಲೂ ಹೆಚ್ಚು. ಅಷ್ಟೇ ಕೊಳೆ, ಆದರೆ ಸಾವು.

ಸಾಗಿಸುವ ದಿನ ಹಳೆಯ ತೊಟ್ಟಿಯ ಕಲ್ಲುಗಳನ್ನು ಅದೇ ನೀರಿನ ಬಕೆಟ್ಟಿನಲ್ಲಿ ಒದ್ದೆಯಾಗಿಯೇ ತರಬೇಕು. ಹಳೆಯ ಮರಳನ್ನು ತರಬಾರದು. ಎರಡು ವರ್ಷದ ಕೊಳೆಯೆಲ್ಲ ಅದರಡಿಯಲ್ಲಿ ಕೂತಿರುತ್ತದೆ, ಕಲಕಿದರೆ ಒಮ್ಮೆಲೇ ಮೇಲೇಳುತ್ತದೆ. ಮೀನುಗಳು ಕೊನೆಗೆ, ಹೊಸ ನೀರನ್ನು ಹನಿಹನಿಯಾಗಿ ಅವುಗಳ ಬಕೆಟ್ಟಿಗೆ ಬಿಟ್ಟು, ಒಂದು ಗಂಟೆಯ ನಂತರ. ಆ ರಾತ್ರಿ ದೀಪ ಹಚ್ಚುವುದು ಬೇಡ.

ಹದಿನಾರರ ಪಟ್ಟಿ ಏನಾಯಿತು? ಹಳೆಯ ಜೋಡಿ, ಅದರ ಮೇಲೆ ವರ್ಷವೊಂದರಲ್ಲಿ ನಾಲ್ಕೋ ಐದೋ ಸಣ್ಣ ಮೀನು, ಒಂದಾದ ಮೇಲೆ ಒಂದು. ಹುಡುಗ ಮುಖ ಸಣ್ಣದು ಮಾಡಬಹುದು. ಎರಡಡಿಯ ಹಳೆಯ ತೊಟ್ಟಿಯನ್ನು ಮಾರಿಬಿಡುವ ಯೋಚನೆ ತಂದೆಗಿದ್ದರೆ ಅದನ್ನೂ ಬಿಡಬೇಕು. ಹೊಸದಾಗಿ ತಂದ ಪ್ರತಿ ಮೀನೂ ಮೊದಲ ನಾಲ್ಕು ವಾರ ಅದರಲ್ಲೇ ಬೇರೆಯಾಗಿ ಇರಬೇಕು. ಮೈಮೇಲಿನ ಬಿಳಿಚುಕ್ಕೆಯ ರೋಗ ಕಂಡರೆ ಅಲ್ಲೇ ಔಷಧ ಮಾಡಬಹುದು, ಕಲ್ಲು-ಸಿಗಡಿಗಳಿರುವ ದೊಡ್ಡ ತೊಟ್ಟಿಗೆ ತಾಮ್ರದ ಔಷಧ ಹಾಕುವಂತಿಲ್ಲ. ಆ ನಾಲ್ಕು ವಾರ 453 ಲೀಟರ್ ನೀರಿನಲ್ಲಿ ಎರಡೇ ಎರಡು ಮೀನು ಓಡಾಡುತ್ತಿರುತ್ತವೆ. ನೆಂಟರು ಬಂದವರು “ಇಷ್ಟು ದೊಡ್ಡದರಲ್ಲಿ ಎರಡೇ ಮೀನಾ?” ಎಂದು ಕೇಳುತ್ತಾರೆ. ಕೇಳಲಿ.